ಜಮಾದಾರ ಏನಂದ?

ಜಮಾದಾರನೆಂಬ ಟಗರು ಇವತ್ತೂ ನೀರಿಗೆ ಇಳಿಯಲಿಲ್ಲ.

ಹುಣಸಿಮಡು ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಜಮಾದಾರ ಮುಂಗಾಲು ಊರಿ ನಿಂತ. ಅವನ ಹಿಂದೆ ನೂರಿಪ್ಪತ್ತು ಕುರಿಗಳು ಒಂದರ ಬೆನ್ನಿಗೊಂದು ಮೂತಿ ತಾಗಿಸಿ ನಿಂತವು. ಕುರಿಗಾರ ಬಕ್ಕಪ್ಪ ಸಿಳ್ಳೆ ಹಾಕಿದ, ಬೆನ್ನು ಚಪ್ಪರಿಸಿದ, ಕೊಂಬು ಹಿಡಿದು ಜಗ್ಗಿದ. ಅರವತ್ತು ದಾಟಿದ ಮನುಷ್ಯ ಒಂದು ಟಗರಿನ ಮುಂದೆ ಕೈ ಮುಗಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದ. ಜಮಾದಾರ ನೀರನ್ನೇ ನೋಡುತ್ತ ನಿಂತು, ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಹಿಂದಕ್ಕೆ ತಿರುಗಿದ.

ಇದು ಶುರುವಾಗಿ ಒಂದು ವರ್ಷವಾಗುತ್ತ ಬಂದಿತ್ತು. ನಡುವೆ ಮಳೆಗಾಲ ಬಂದು ಹೋಯಿತು, ಹೊಳೆ ದಂಡೆ ಮೀರಿ ಹರಿಯಿತು, ಹೊಸ ಉಸುಕು ಬಂದು ಮಡುವಿನ ತಳ ತುಂಬಿತು. ಬಕ್ಕಪ್ಪ ತಾನೇ ಕೋಲು ಊರಿ ನೋಡಿದ್ದ. ಈಗ ಅಲ್ಲಿ ಮೊಣಕಾಲು ಮುಳುಗುವಷ್ಟು ನೀರಿದ್ದರೆ ಹೆಚ್ಚು. ಕೋಲಿಗೆ ತಿಳಿದದ್ದು ಟಗರಿಗೆ ತಿಳಿಯುತ್ತಿಲ್ಲವೋ, ಟಗರಿಗೆ ತಿಳಿದದ್ದು ಕೋಲಿಗೆ ತಿಳಿಯುತ್ತಿಲ್ಲವೋ, ಅವನು ಯಾರನ್ನು ಕೇಳಬೇಕು?

ಮಡುವಿನ ನಡುವೆ ಏನೋ ಮೇಲೆ ಬಂದು, ಬಾಯಿ ತೆರೆದು ಗಾಳಿ ಎಳೆದುಕೊಂಡು, ಗುಳುಕ್ಕೆಂದು ಮುಳುಗಿತು. ಮುರ್ರೆಲ್ ಮೀನು. ಬೇಸಿಗೆಯಲ್ಲಿ ನೀರು ಇಳಿದು ಕಾದಾಗ ಉಳಿದ ಮೀನುಗಳು ಒದ್ದಾಡುತ್ತವೆ, ಮುರ್ರೆಲ್ ಮಾತ್ರ ಮೇಲೆ ಬಂದು ನಮ್ಮ ನಿಮ್ಮ ಹಾಗೆ ಉಸಿರಾಡಿ ಹೋಗುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಆದರೆ ಈ ಒಂದು ವರ್ಷದಿಂದ ಅದು ಕೇಳಿದಾಗಲೆಲ್ಲ ಬಕ್ಕಪ್ಪನಿಗೆ ಮೈ ಬೆವರುತ್ತಿತ್ತು. ಮುಳುಗುತ್ತಿರುವ ಮನುಷ್ಯ ಕೊನೆಯ ಸಲ ಉಸಿರು ಎಳೆದುಕೊಂಡರೆ ಹೀಗೇ ಕೇಳುತ್ತದೇನೋ ಎಂದು ಅವನಿಗೆ ಹೆದರಿಕೆಯಾಗುತ್ತಿತ್ತು.

ಬಕ್ಕಪ್ಪನ ಊರು ಔರಾದ ತಾಲೂಕಿನ ಡಾಬಕಾ. ಊರ ಕಡೆ ಬಾವಿಗಳು ತಳ ಕಂಡೊಡನೆ ಅವನೂ ಹೆಂಡತಿ ಜನಾಬಾಯಿಯೂ ಕುರಿ ಹೊಡೆದುಕೊಂಡು ಮಾಂಜ್ರಾ ದಂಡೆಗೆ ಬಂದುಬಿಡುತ್ತಾರೆ. ಮೃಗಶಿರಾ ಮಳೆ ಬೀಳುವತನಕ ಅಲ್ಲಿಯ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾರೆ. ಆ ದಿನಗಳಲ್ಲಿ ಮಾಂಜ್ರಾ ಒಂದು ಹೊಳೆಯಾಗಿ ಉಳಿದಿರುವುದಿಲ್ಲ. ಹರಿವು ನಿಂತು, ಬಂಡೆಯ ಬುಡದಲ್ಲೊಂದು, ಮರದ ನೆರಳಿಗೊಂದು ಮಡು ಉಳಿಯುತ್ತದೆ. ಇಡೀ ಹೊಳೆಯ ಮೀನು ಅಲ್ಲಿ ಬಂದು ಸೇರುತ್ತದೆ. ದಂಡೆಯಲ್ಲಿ ಹಳೆಯ ಹುಣಸೆ ಮರವಿದ್ದುದರಿಂದ ಈ ಮಡುವಿಗೆ ಹುಣಸಿಮಡು ಎಂದು ಹೆಸರು.

ಮೀನು ಸೇರಿದ ಕಡೆ ಗಾಳದವರು ಸೇರದೆ ಇರುತ್ತಾರೆಯೇ? ಆರು ವರ್ಷದ ಹಿಂದೆ ಸುಶೀಲಕುಮಾರ ಬಂದದ್ದು ಹಾಗೆ. ಬೀದರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಜೊತೆಗೆ ಗವಾನ್ ಚೌಕಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟ ಅಬ್ದುಲ ಮಜೀದ. ಇಬ್ಬರೂ ಮುಂಜಾನೆಯಿಂದ ಬಿಸಿಲು ಏರುವತನಕ ಕೂತು ಒಂದು ಬೆರಳುದ್ದದ ಮೀನೂ ಸಿಗದೆ, ಮುಖ ಸಪ್ಪಗೆ ಮಾಡಿಕೊಂಡು ಏಳುವುದನ್ನು ನೋಡಿ ಬಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ.

"ಬಿಸಿಲಾಗ ಮೀನ ಉಣ್ಣಂಗಿಲ್ರಿ ಮಾಸ್ತರ. ನೀರು ಕಾಯೋದಕ್ಕ ಮೊದ್ಲ ಬರ್ರಿ. ಮತ್ತ ದಂಡಿ ಮ್ಯಾಲ ಕೂತ್ರ ಜಾಲಿ ಮುಳ್ಳಿಗೇ ಗಾಳ ಸಿಗ್ತದ. ನನ್ನ ಜಮಾದಾರ ದಾಟೋ ಜಾಗದಾಗ ನಿಂತು ಬಂಡಿಗಲ್ಲಿನ ಕಡಿ ಗಾಳ ಒಗೀರಿ," ಅಂದ.

ಮಡುವಿನ ತಲೆಯಲ್ಲಿ ನೀರೊಳಗೆ ಒಂದು ಉಸುಕಿನ ದಿಣ್ಣೆ ಇತ್ತು. ಆಚೆ ದಂಡೆಯ ಮೇವಿಗೆ ಕುರಿಗಳು ದಿನಾ ಅದರ ಮೇಲೆಯೇ ದಾಟುತ್ತಿದ್ದವು. ಎಲ್ಲಕ್ಕೂ ಮುಂದೆ ಜಮಾದಾರ, ಎದೆ ಮುಂದೆ ಮಾಡಿಕೊಂಡು, ಕಂದಾಯ ವಸೂಲಿಗೆ ಹೊರಟವನ ಹಾಗೆ. ಕರಿಯ ಟಗರು, ಎರಡು ಸುತ್ತು ಕೊಂಬು. ನೀರು ಅವನ ಮೈಯಲ್ಲಿ ಎಲ್ಲಿಗೆ ಬಂತು ಎನ್ನುವುದೇ ಬಕ್ಕಪ್ಪನ ಅಳತೆ. ಮೊಣಕಾಲಿಗೆ ಬಂದರೆ ಮೀನು ಆ ಜಾಗ ಬಿಟ್ಟಿವೆ. ಹೊಟ್ಟೆಗೆ ಬಂದರೆ ಸೈ, ದಿಣ್ಣೆಯ ಮೇಲೆ ನಿಂತು ಮುರ್ರೆಲ್ ಹಿಡಿಯಬಹುದು. ಕುತ್ತಿಗೆಗೆ ಬಂದರೆ ದಂಡೆಯಲ್ಲೇ ಕೂತು ಹಿಟ್ಟಿನ ಉಂಡೆ ಕಟ್ಟಿ ರೋಹುವಿಗೆ ಕಾಯಬೇಕು. ಕೊಂಬಿಗೆ ಬಂದರೆ ಔರಾದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಮನೆಗೆ ಹೋಗುವುದು ಒಳ್ಳೆಯದು.

ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ಬೇರೆ ಏನು ಬೇಕು? ಮರುವಾರ ಮಜೀದನ ಕೊರಳಲ್ಲಿದ್ದ ಟೇಪಿನಿಂದಲೇ ಜಮಾದಾರನ ಅಳತೆ ತೆಗೆಸಿದ. ಗಿರಾಕಿಗೆ ತೆಗೆದ ಹಾಗೆ ಮಜೀದ ಮೊಣಕಾಲು, ಹೊಟ್ಟೆ, ಕುತ್ತಿಗೆ ಎಲ್ಲ ಅಳೆದು ಕೂಗಿ ಹೇಳಿದ, ಸುಶೀಲಕುಮಾರ ಬರೆದುಕೊಂಡ. ಒಂದು ಪೈಜಾಮ ಹೊಲಿದು ಕೊಡುವುದೊಂದು ಉಳಿದಿತ್ತು. ಅಂದಿನಿಂದ ಬೀದರಿನ ನಲವತ್ತು ಗಾಳದವರ ವಾಟ್ಸಾಪ್ ಗ್ರೂಪಿನಲ್ಲಿ ಬೇಸಿಗೆಯ ಪ್ರತಿ ಶುಕ್ರವಾರ ಸುಶೀಲಕುಮಾರನ ವರದಿ ಬರತೊಡಗಿತು: ಹುಣಸಿಮಡು, ಜಮಾದಾರನ ಹೊಟ್ಟೆಮಟ, ನೀರು ತಿಳಿ, ಎಂಟರೊಳಗೆ ಮುಗಿಸಬೇಕು, ಎರೆಹುಳು ತನ್ನಿ. ವರದಿ ಬರೆಯುವ ಮೊದಲು ಅವನು ಬಕ್ಕಪ್ಪನಿಗೆ ಫೋನಿನಲ್ಲಿ ತನ್ನ ದನಿ ತುಂಬಿ ಕಳಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ: ಜಮಾದಾರ ಏನಂದ? ಶನಿವಾರ ನಸುಕಿಗೆ ಬಂದು ದಿಣ್ಣೆಯ ಮೇಲೆ ನಿಲ್ಲುತ್ತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಜಮಾದಾರ ಇಳಿದ ನೀರಿಗೆ ಈಜು ಯಾಕೆ ಬೇಕು ಎನ್ನುತ್ತಿದ್ದ.

ಆ ಮಾತು ನೆನಪಾದರೆ ಬಕ್ಕಪ್ಪನಿಗೆ ಈಗ ತುತ್ತು ಇಳಿಯುವುದಿಲ್ಲ.

ಕಳೆದ ವರ್ಷ ಮೇ ತಿಂಗಳ ಒಂದು ಶುಕ್ರವಾರ ಅಳತೆ ಹೊಟ್ಟೆಮಟವೇ ಇತ್ತು, ಅದನ್ನೇ ಹೇಳಿದ್ದ. ಅದೇ ಸಂಜೆ ಜಮಾದಾರ ಪಕ್ಕದ ಕಬ್ಬಿಗೆ ಬಾಯಿ ಹಾಕಿದ. ಹೊಲದವನ ಬೈಗಳು ಕೇಳಿ ತಲೆ ಕೆಟ್ಟ ಬಕ್ಕಪ್ಪ ಕೋಲಿನಿಂದ ಅವನಿಗೆ ನಾಲ್ಕು ಬಿಗಿದ. ಶನಿವಾರ ಮುಂಜಾನೆ ಹೊಳೆಗೆ ಹೋದರೆ ಜಮಾದಾರ ಹತ್ತು ಹೆಜ್ಜೆ ದೂರ ನಿಂತುಬಿಟ್ಟ. ಹೊಡೆತದ ಮುನಿಸು ಎಂದುಕೊಂಡ ಬಕ್ಕಪ್ಪ. ನೀರು ಸ್ವಲ್ಪ ಕದಡಿತ್ತು. ಎಮ್ಮೆ ಇಳಿದಿರಬೇಕು ಎಂದುಕೊಂಡ. ಕುರಿಗಳನ್ನು ತಿರುಗಿಸಿ ಈಚೆ ದಂಡೆಯಲ್ಲೇ ಮೇಯಲು ಬಿಟ್ಟ.

ಆಗಲೇ ಫೋನಿನಲ್ಲಿ ಮಾಸ್ತರನ ದನಿ ಬಂತು. "ಬಕ್ಕಪ್ಪ ಕಾಕಾ, ಇವತ್ತ ಬರ್ಲಿಕ್ಕೆ ಆಗ್ಲಿಲ್ಲರಿ. ನನ್ನ ಹೇಣ್ತಿ ಸುಮನಾನ ಅಕ್ಕನ ಮಗಳ ನಿಶ್ಚಯ ಅದ, ಭಾಲ್ಕಿಗಿ ಹೊಂಟೇವಿ. ನಾಳಿಗಿ ಬರ್ತೇನಿ. ಜಮಾದಾರ ಏನಂದ?"

ಇಲ್ಲಿಯೇ ಬಕ್ಕಪ್ಪ ತಪ್ಪಿದ್ದು. ಜಮಾದಾರ ಇಳಿಯಲಿಲ್ಲ ಎಂದು ಹೇಳಬೇಕಿತ್ತು. ಆದರೆ ಟಗರು ಮಾತು ಕೇಳದ ಕುರಿಗಾರನಿಗೆ ದಂಡೆಯಲ್ಲಿ ಏನು ಬೆಲೆ? ಒಂದು ಸಿಳ್ಳೆಗೆ ನಡೆಯುವ ಟಗರು ಎಂದು ಮಾಸ್ತರ ಬೀದರಿಗೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಅವನ ಮುಂದೆ, ನನ್ನ ಟಗರು ನನ್ನ ಮೇಲೆ ಮುನಿಸಿಕೊಂಡಿದೆ ಎನ್ನಲು ನಾಚಿಕೆ ಅಡ್ಡ ಬಂತು. ನಿನ್ನೆಯ ನೀರು ಇವತ್ತಿಗೆ ಎಲ್ಲಿ ಹೋಗುತ್ತದೆ ಎಂದು ಫೋನಿನ ಗುಂಡಿ ಒತ್ತಿ ಹಿಡಿದು ಹೇಳಿದ: "ಹೊಟ್ಟಿಮಟ ಅದರಿ ಮಾಸ್ತರ. ನಿನ್ನಿ ಇದ್ದಂಗೇ ಅದ. ಆರಾಮ ಬರ್ರಿ." ಇಳಿದು ಊರಿ ನೋಡಲು ಕೋಲು ಕೈಯಲ್ಲೇ ಇತ್ತು.

ಉಸುಕು ಕದಿಯುವವರಿಗೆ ಕತ್ತಲೆಯೇ ಕಚೇರಿ. ಶುಕ್ರವಾರ ರಾತ್ರಿ ಯಾರೋ ಆಚೆ ದಂಡೆಯಿಂದ ಯಂತ್ರ ಇಳಿಸಿ, ದಿಣ್ಣೆಯ ಆಚೆಯ ಅರ್ಧವನ್ನು ಬುಡಸಮೇತ ತೋಡಿಕೊಂಡು ಹೋಗಿದ್ದರು. ಎರಡಾಳು ಆಳದ ಗುಂಡಿಗೆ ಹೊಳೆ ತನ್ನ ನೀರು ತುಂಬಿ, ಮೇಲೆ ಏನೂ ಆಗಿಲ್ಲವೆನ್ನುವಂತೆ ಮುಚ್ಚಿತ್ತು. ಭಾನುವಾರ ನಸುಕಿಗೆ ಸುಶೀಲಕುಮಾರ ದಿಣ್ಣೆಯ ಮೇಲೆ ಮೂರು ಹೆಜ್ಜೆ ಇಟ್ಟ. ನಾಲ್ಕನೆಯ ಹೆಜ್ಜೆಗೆ ಕಾಲಡಿ ನೆಲವಿರಲಿಲ್ಲ. ಮಜೀದನ ಕೂಗು ಕೇಳಿ ಬಕ್ಕಪ್ಪ ಓಡಿ ಬಂದಾಗ ನೀರ ಮೇಲೆ ಗಾಳದ ಕೋಲೊಂದೇ ತೇಲುತ್ತಿತ್ತು. ಹೆಣ ಸಿಕ್ಕಿದ್ದು ಮಧ್ಯಾಹ್ನ.

ಪೊಲೀಸರು ಕೇಳಿದರು, ಶನಿವಾರ ನೀರು ಸರಿ ಇತ್ತೇನು ಎಂದು. ಬಕ್ಕಪ್ಪ ಹೌದೆಂದು ತಲೆ ಆಡಿಸಿದ. ಹಾಗಾದರೆ ಯಂತ್ರ ಬಂದದ್ದು ಶನಿವಾರ ರಾತ್ರಿ ಎಂದು ಎಲ್ಲರೂ ತೀರ್ಮಾನಿಸಿದರು. ಯಂತ್ರದವರು ಸಿಗಲಿಲ್ಲ, ಸಿಗುವುದೂ ಇಲ್ಲ. ಬಕ್ಕಪ್ಪನ ಕಡೆ ಯಾರೂ ಬೆರಳು ತೋರಿಸಲಿಲ್ಲ. ಮಜೀದನಂತೂ ಅವನ ಹೆಗಲ ಮೇಲೆ ತಲೆ ಇಟ್ಟು ಅತ್ತಿದ್ದ. ಶನಿವಾರ ಮುಂಜಾನೆ ಟಗರು ಒಲ್ಲೆ ಅಂದದ್ದು ಗೊತ್ತಿದ್ದವನು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ.

ಆ ಒಬ್ಬನನ್ನು ಫೋನು ಬಿಡಲಿಲ್ಲ. ಬಕ್ಕಪ್ಪನಿಗೆ ಓದು ಬಾರದು, ಚಿತ್ರ ನೋಡಿ ಒತ್ತುತ್ತಾನೆ. ಮಗಳ ಚಿತ್ರ ಒತ್ತಲು ಹೋಗಿ ಬೆರಳು ಜಾರಿದರೆ ಸಾಕು, ಟೋಪಿ ಹಾಕಿಕೊಂಡು ನಗುವ ಮಾಸ್ತರನ ಮುಖ ಬರುತ್ತಿತ್ತು, ದನಿಯೂ ಬರುತ್ತಿತ್ತು: ಜಮಾದಾರ ಏನಂದ? ಅದರ ಕೆಳಗೆ ಅವನದೇ ಉತ್ತರ. ಒಂದೆರಡು ಸಲ ಬೆರಳು ಜಾರದೆಯೂ ಒತ್ತಿದ್ದುಂಟು. ಸತ್ತವನು ಕೇಳುತ್ತಲೇ ಇದ್ದಾನೆ, ತಾನು ಸುಳ್ಳು ಹೇಳುತ್ತಲೇ ಇದ್ದೇನೆ ಎನಿಸುತ್ತಿತ್ತು.

"ನಿದ್ದ್ಯಾಗ ಹೊಟ್ಟಿಮಟ ಹೊಟ್ಟಿಮಟ ಅಂತ ಬಡಬಡಸ್ತೀರಿ. ಏನಾಗ್ಯದ ನಿಮಗ?" ಎಂದು ಜನಾಬಾಯಿ ಕೇಳಿದಳು.

"ಹೊಟ್ಟಿ ನೋಯ್ತದ," ಅಂದ ಬಕ್ಕಪ್ಪ. ಅವಳು ಅಜವಾನ ಅರೆದು ಕೊಟ್ಟಳು, ಕುಡಿದ.

ಈ ವರ್ಷ, ಟಗರಿನ ಮುಂದೆ ಕೈ ಮುಗಿದ ಆ ಮುಂಜಾನೆಯೇ ಮಜೀದನ ಫೋನು ಬಂತು.

"ಕಾಕಾ, ವರ್ಷ ಆಯ್ತು. ಮನ್ಯಾಗ ಭಂತೇರನ್ನ ಕರ್ಸಿ ವರ್ಷದ ಪುಣ್ಯಾನುಮೋದನ ಮುಗಿಸ್ಯಾರ. ಇತ್ವಾರ ಸುಮನಾ ಭಾಬಿನ ಹೊಳಿಗಿ ಕರ್ಕೊಂಡು ಬರ್ತೇನಿ. ಜಾಗಾ ನೋಡ್ಬೇಕು ಅಂತಾರ."

"ಬರ್ಲಿ ಬಿಡ್ರಿ."

"ನೀವ ಅವ್ರಿಗಿ ನಾಕ ಮಾತ ಸಮಾಧಾನ ಹೇಳ್ಬೇಕು. ಅವ್ರ ಅತ್ತಿ ಮಹಾಮಾಯಾ ಬಾಯಿ ವರ್ಷಾತು ಭಾಬಿ ಕೂಡ ಮಾತ ಬಿಟ್ಟಾರ. ನನ್ನ ಮಗ ಶನಿವಾರ ಹೋಗಾವ ಇದ್ದ, ನೀ ನಿಶ್ಚಯ ಅಂತ ತಡದಿ, ಒಂದ ದಿನ ಮೊದ್ಲ ಹೋಗಿದ್ರ ಹೊಳಿ ಚಲೋ ಇತ್ತು ಅಂತಾರ. ಭಾಬಿ ಅದನ್ನೇ ನಂಬ್ಯಾರ ಕಾಕಾ. ಅರ್ಧ ಆಗ್ಯಾರ. ನನ್ನ ಕೈಯಾರ ಕೊಂದೆ ಅಂತಾರ."

ತನ್ನ ಸುಳ್ಳು ತನ್ನ ಎದೆಯಲ್ಲೇ ಕೊಳೆಯುತ್ತ ಬಿದ್ದಿದೆ ಎಂದುಕೊಂಡಿದ್ದ ಬಕ್ಕಪ್ಪ. ಅದು ಬೀದರಿಗೆ ಹೋಗಿ, ಒಂದು ಮನೆಯ ಒಳಗೆ ಕೂತು, ಏನೂ ತಪ್ಪು ಮಾಡದ ಹೆಣ್ಣುಮಗಳನ್ನು ದಿನಾ ಸುಡುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೇಳಿದರೆ ಅವಳು ಬದುಕುತ್ತಾಳೆ. ಹೇಳಿದರೆ ಮಾಸ್ತರನನ್ನು ಕೊಂದವನು ತಾನಾಗುತ್ತೇನೆ, ದಂಡೆಯುದ್ದಕ್ಕೂ, ಮಜೀದನ ಕಣ್ಣಲ್ಲೂ, ಜನಾಬಾಯಿಯ ಕಣ್ಣಲ್ಲೂ. ಎರಡು ದಿನ ಅವನು ಇದನ್ನೇ ತಿರುವಿ ಮುರುವಿ ಯೋಚಿಸಿದ. ಶನಿವಾರ ಸಂಜೆ, ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ. ಹೋದವನಂತೂ ಬರುವುದಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ.

ಭಾನುವಾರ ಬಿಸಿಲು ಏರುವ ಮೊದಲೇ ಮಜೀದನ ಸ್ಕೂಟರು ಬಂತು. ಸುಮನಾ ಬಿಳಿ ಸೀರೆ ಉಟ್ಟಿದ್ದಳು, ಹೆಗಲಿಗೆ ಒಂದು ಬ್ಯಾಗು. ವಯಸ್ಸು ನಲವತ್ತೂ ಇರಲಿಕ್ಕಿಲ್ಲ, ಕೆನ್ನೆ ಒಳಗೆ ಹೋಗಿದ್ದವು. ದಂಡೆಯ ಮೇಲೆ ಹೂವಿಟ್ಟು, ಕೈ ಮುಗಿದು, ಬುದ್ಧನಿಗೆ ಶರಣೆನ್ನುವ ತ್ರಿಸರಣವನ್ನು ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಬಕ್ಕಪ್ಪನ ಹತ್ತಿರ ಬಂದು ನಿಂತಳು. ಹತ್ತು ಹೆಜ್ಜೆ ಆಚೆ ಜಮಾದಾರ ನೀರು ನೋಡುತ್ತ ನಿಂತಿದ್ದ.

"ಇವನೇ ಏನ್ರಿ ಜಮಾದಾರ?"

"ಹೌದ್ರಿ ಯವ್ವಾ."

"ಮನ್ಯಾಗ ದಿನಾ ಇವಂದೇ ಮಾತಿತ್ತು." ಅವಳು ಟಗರಿನ ಕಡೆಯೇ ನೋಡುತ್ತಿದ್ದಳು. "ಅವ್ರ ಫೋನ್ ನನ್ನ ಹಂತ್ಯಾಕೇ ಅದರಿ. ಚಾರ್ಜ್ ಮಾಡಿ ಇಡ್ತೇನಿ. ನಿಮ್ಮ ಆವಾಜ್ ನೂರ ಸಲ ಕೇಳೇನಿ. ಹೊಟ್ಟಿಮಟ ಅದ, ಆರಾಮ ಬರ್ರಿ ಅಂತೀರಿ. ಅಂದ್ರ ಶನಿವಾರ ಹೊಳಿ ಚಲೋ ಇತ್ತು. ಅವ್ರು ಗಾಳ ತಗೊಂಡು ಹೊಂಟಿದ್ರು, ಕಾಕಾ. ನಾನೇ ಬಾಗಿಲಾಗ ನಿಂತು, ನಿಮಗ ನಮ್ಮ ತವರಿನವ್ರಗಿಂತ ಮೀನೇ ಹೆಚ್ಚೇನ್ರಿ ಅಂದೆ. ಗಾಳ ಕೆಳಗ ಇಟ್ರು."

"ಭಾಬಿ, ಬಿಡ್ರಿ ಅದು," ಎಂದ ಮಜೀದ. ಬಕ್ಕಪ್ಪನ ಕಡೆ ನೋಡಿದ. ಈಗ ನೀವು ಹೇಳಿ ಎನ್ನುವ ನೋಟ ಅದು.

ಬಕ್ಕಪ್ಪ ಬಾಯಿ ತೆರೆದ. ಸಮಾಧಾನದ ಮಾತುಗಳನ್ನು ಎರಡು ದಿನದಿಂದ ಕೂಡಿಸಿಟ್ಟಿದ್ದ, ಒಂದೂ ಹೊರಗೆ ಬರಲಿಲ್ಲ. ಅವಳ ಮುಖ ನೋಡಿ ನಿಜ ಹೇಳಲೂ ನಾಲಿಗೆ ಹೊರಳಲಿಲ್ಲ. ಅವನು ಅಂಗಿಯ ಕಿಸೆಯಿಂದ ಫೋನು ತೆಗೆದ. ಟೋಪಿ ಹಾಕಿಕೊಂಡು ನಗುವ ಮುಖ ಹುಡುಕಿದ. ಗುಂಡಿ ಒತ್ತಿ ಹಿಡಿದು, ಅವರಿಬ್ಬರಿಗೂ ಬೆನ್ನು ತಿರುಗಿಸಿ, ಹೊಳೆಯ ಕಡೆ ಮುಖ ಮಾಡಿ ಪಿಸುಗುಟ್ಟಿದ. ಬೆರಳು ಬಿಟ್ಟ.

ಸುಮನಾಳ ಬ್ಯಾಗಿನಲ್ಲಿ ಟಿಣ್ ಎಂದಿತು.

ಅವಳು ಬೆಚ್ಚಿಬಿದ್ದಳು. ಬ್ಯಾಗಿನಿಂದ ಗಂಡನ ಫೋನು ತೆಗೆದು ನೋಡಿದಳು, ಬಕ್ಕಪ್ಪನ ಬೆನ್ನು ನೋಡಿದಳು, ಒತ್ತಿದಳು. ಗಾಳಿ ಇಲ್ಲದ ದಂಡೆಯ ಮೇಲೆ ಮುದುಕನ ದನಿ ಸ್ಪಷ್ಟವಾಗಿ ಕೇಳಿತು.

"ಮಾಸ್ತರ, ಜಮಾದಾರ ಒಲ್ಲೆ ಅಂದಿದ್ದ. ಶನಿವಾರ ಮುಂಜಾನಿನೇ ಒಲ್ಲೆ ಅಂದಿದ್ದ. ನೀರು ಕದಡಿತ್ತು. ನಾ ಇಳಿದು ನೋಡ್ಲಿಲ್ಲ. ನನಗ ನಾಚಿಕಿ ಆಯ್ತು, ಸುಳ್ಳು ಹೇಳ್ದೆ."

ಮಜೀದ ಎರಡು ಹೆಜ್ಜೆ ಮುಂದೆ ಬಂದು, ಕೈ ಎತ್ತಿ, ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕೆಳಗಿಳಿಸಿದ. "ಕಾಕಾ, ನೀವು," ಎಂದ. ಹುಣಸೆ ಮರದ ಕಡೆ ನಡೆದು ಹೋದ. ಆ ಬೆನ್ನು ನೋಡುವುದು ಬಕ್ಕಪ್ಪನಿಗೆ ಹೊಡೆತಕ್ಕಿಂತ ಕಷ್ಟವಾಯಿತು.

"ಶನಿವಾರ ಮುಂಜಾನಿ ಏನ್ರಿ?" ಸುಮನಾ ಕೇಳಿದಳು.

"ಶನಿವಾರ ಮುಂಜಾನಿ. ಯಂತ್ರ ಶುಕ್ರವಾರ ರಾತ್ರಿನೇ ಬಂದಿತ್ರಿ."

"ಅಂದ್ರ ನಾ ಬಿಟ್ಟಿದ್ರ..."

"ಶನಿವಾರನೇ ಹೋಗ್ತಿದ್ರು, ಯವ್ವಾ. ಒಂದ ದಿನ ಮೊದ್ಲೇ ಹೋಗ್ತಿದ್ರು. ನೀವ ತಡದಿದ್ದಕ್ಕ ಒಂದ ದಿನ ಹೆಚ್ಚ ಇದ್ರು."

ಅವಳು ಅಲ್ಲೇ ನೆಲಕ್ಕೆ ಕೂತಳು. ಬಿಳಿ ಸೀರೆಗೆ ಮಣ್ಣಾಯಿತು, ನೋಡಿಕೊಳ್ಳಲಿಲ್ಲ. ಫೋನನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡು ಅತ್ತಳು. ಒಂದು ವರ್ಷ ಅಳಲು ಕೂಡ ತನಗೆ ಹಕ್ಕಿಲ್ಲವೆಂದುಕೊಂಡಿದ್ದವಳು ಈಗ ಗಂಡ ಸತ್ತದ್ದಕ್ಕೆ ಅತ್ತಳು. ಬಕ್ಕಪ್ಪ ನಿಂತೇ ಇದ್ದ. ಅವನಿಗೆ ಹಗುರವಾಗಲಿಲ್ಲ. ಹಗುರವಾಗಬಾರದು ಎಂದೂ ಅವನಿಗೆ ಅನಿಸಿತು.

ಬಿಸಿಲು ಮರದ ಕೊಂಬೆಗೆ ಬಂದಾಗ ಅವಳು ಎದ್ದಳು.

"ನಿಮ್ಮನ್ನ ಮಾಫ್ ಮಾಡೇನಿ ಅಂತ ತಿಳಕೋಬ್ಯಾಡ್ರಿ. ಮಾಡ್ತೇನೋ ಇಲ್ಲೋ ನನಗೇ ಗೊತ್ತಿಲ್ಲ. ಇದನ್ನ ನಮ್ಮ ಅತ್ತಿಗಿ ಕೇಳಿಸ್ತೇನಿ."

"ಕೇಳಸ್ರಿ."

"ಇವತ್ತ ಏನಂತಾನ ಜಮಾದಾರ?"

"ಒಲ್ಲೆ ಅಂತಾನರಿ."

"ಗ್ರೂಪಿನಾಗ ಇನ್ನೂ ಮಂದಿ ಅದಾರ. ಈ ವರ್ಷ ಯಾರ್ಯಾರೋ ಇಲ್ಲಿ ಬರ್ತೇವಿ ಅಂತ ಬರೀತಾರ. ನಿಮ್ಮ ಬಾಯಿಂದ ಹೇಳ್ರಿ." ಅವಳು ಗ್ರೂಪು ತೆರೆದು, ಗುಂಡಿ ಒತ್ತಿ, ಗಂಡನ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು.

"ಹುಣಸಿಮಡು," ಎಂದ ಬಕ್ಕಪ್ಪ. "ಕೋಲಿಗಿ ಮೊಣಕಾಲ ನೀರದ. ಹೊಸ ಉಸುಕದ, ತಳ ಗಟ್ಟಿ ಅದನೋ ಇಲ್ಲೋ ನಾ ನಿಂತ ನೋಡಿಲ್ಲ. ಜಮಾದಾರ ಇಳಿಲಿಕ್ಕೆ ಒಲ್ಲೆ ಅಂತಾನ. ಯಾರೂ ಇಳಿಬ್ಯಾಡ್ರಿ. ಹೋದ ವರ್ಷನೂ ಒಲ್ಲೆ ಅಂದಿದ್ದ, ನಾ ಹೇಳಿರ್ಲಿಲ್ಲ."

ಮಾತು ಹೋಯಿತು. ಬೀದರಿನ ನಲವತ್ತು ಮನೆಗಳಲ್ಲಿ, ವರ್ಷದ ಮೇಲೆ, ಸುಶೀಲಕುಮಾರನ ಹೆಸರಿನಲ್ಲಿ ಹೊಳೆಯ ವರದಿ ಬಂದಿತು. ಹುಣಸೆಯ ಕೆಳಗೆ ಕೂತಿದ್ದ ಮಜೀದನ ಕಿಸೆಯಲ್ಲೂ ಟಿಣ್ ಎಂದಿತು. ಅವನು ತೆಗೆದು ಆ ಹೆಸರನ್ನು ನೋಡಿ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಹಿಂದೆ ಮಡುವಿನಲ್ಲಿ ಏನೋ ಮೇಲೆ ಬಂದು, ಉಸಿರು ಎಳೆದುಕೊಂಡು, ಮುಳುಗಿತು. ಸುಮನಾ ತಟ್ಟನೆ ತಿರುಗಿದಳು. ನೀರಿನ ಮೇಲೆ ಸುತ್ತುಗಳು ದೊಡ್ಡವಾಗುತ್ತಿದ್ದವು.

"ಮೀನೇನ್ರಿ ಅದು?"

ಮುರ್ರೆಲ್ ಎನ್ನಲು ಬಕ್ಕಪ್ಪ ಬಾಯಿ ತೆರೆದ. ಜಮಾದಾರ ಕಿವಿ ನಿಮಿರಿಸಿ ಅದೇ ಕಡೆ ನೋಡುತ್ತಿದ್ದ.

"ಸಪ್ಪಳ ಕೇಳ್ತು. ನಾ ಕಣ್ಲೆ ನೋಡಿಲ್ಲ, ಯವ್ವಾ," ಅಂದ.